ಛೇಂಬರ್ ಆಫ್ ಕಾಮರ್ಸ್: ಬೆಳೆಗಾರನಿಗೆ ಅಲ್ಲೇನು ಕೆಲಸ?

ವಾಣಿಜ್ಯ ಸಂಸ್ಥೆ, ಅಂದರೆ ಛೇಂಬರ್, ಪೇಟೆಯ ಸಾಹುಕಾರರ ಕೂಟ. ತೋಟದವರಿಗೆ ಅಲ್ಲೇನು ಕೆಲಸ ಎಂದು ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರು ಕೇಳುವುದುಂಟು. ಪ್ರಶ್ನೆ ಸಹಜವೇ. ಆದರೆ ನಮ್ಮ ಕಾಫಿ ಕಣ ದಾಟಿದ ಮೇಲೆ ಬಹುಪಾಲು ಸೇರುವುದು ಇಂಥ ವರ್ತಕರ ಕೈಯನ್ನೇ. ಆದ್ದರಿಂದ ಛೇಂಬರಿನ ಕೆಲಸವೇನೆಂದು ನಾವೂ ತಿಳಿದಿರುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಮುಂಬಯಿ ಮತ್ತು ಮದರಾಸಿನ ಛೇಂಬರುಗಳು 1836ರಷ್ಟು ಹಳೆಯವು. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ಛೇಂಬರ್ ಹುಟ್ಟಿದವು. ಆ ಛೇಂಬರೇ ಬೆಳೆದು ಇಂದು ಬೆಂಗಳೂರಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿದೆ. ಮಂಗಳೂರಿನ ಕೆನರಾ ಛೇಂಬರ್ 1940ರದು.

ಛೇಂಬರು ಮಾಲು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಸಹಕಾರ ಸಂಘಕ್ಕೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಮನವಿಪತ್ರ ಸಾಲದಾಯಿತು, ಮಾಲು ಎತ್ತುವವರು ಬೇಕಾಯಿತು. ಅದಕ್ಕಾಗಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಛೇಂಬರಿನ ಕೆಲಸ ಬೇರೆ ಬಗೆಯದು. ತೆರಿಗೆ, ರಸ್ತೆ, ಬಂದರುಗಳ ವಿಷಯದಲ್ಲಿ ಸರ್ಕಾರದೊಡನೆ ಮಾತನಾಡುವುದು, ಹೊಸ ಕಾನೂನನ್ನು ಸದಸ್ಯರಿಗೆ ತಿಳಿಸುವುದು, ರಫ್ತು ಮಾಲಿಗೆ ಮೂಲ ದೃಢೀಕರಣ ಪತ್ರ ಕೊಡುವುದು. (ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ನಿಯಮದಂತೆ ಕಾಫಿಗೆ ಬೇಕಾದ ಪತ್ರವನ್ನು ಮಾತ್ರ ಕಾಫಿ ಬೋರ್ಡೇ ಕೊಡುತ್ತದೆ.) ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಸಕಲೇಶಪುರದ ಬೆಳೆಗಾರನಿಗೂ ಮಂಗಳೂರಿನ ರಫ್ತುದಾರನಿಗೂ ತೊಂದರೆಯೇ. ಅಂಥಲ್ಲಿ ನಮ್ಮ ಸಂಘ ಮತ್ತು ಛೇಂಬರು ಕೂಡಿ ಒಂದೇ ಮನವಿ ಕೊಟ್ಟರೆ ಅದಕ್ಕೆ ತೂಕ ಹೆಚ್ಚು. ಧಾರಣೆಯ ಮಾತು ಬಂದಾಗ ಮಾತ್ರ ಅವರ ದಾರಿ ಅವರಿಗೆ, ನಮ್ಮದು ನಮಗೆ.

ನಮಗೆ ಹೆಚ್ಚು ಉಪಯೋಗಕ್ಕೆ ಬರುವಂಥದು ಪಂಚಾಯಿತಿ, ಅಂದರೆ ಆರ್ಬಿಟ್ರೇಷನ್. ಹಿಂದೆ ಕಾಫಿಯನ್ನು ಬೋರ್ಡಿನ ಪೂಲಿಗೆ ಕೊಟ್ಟು ಪಾಯಿಂಟಿನ ಲೆಕ್ಕದಲ್ಲಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದೆವು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ತೇವಾಂಶ ಹೆಚ್ಚು, ಔಟ್‌ಟರ್ನ್ ಕಡಿಮೆ ಎಂದು ಹಣ ಮುರಿದುಕೊಂಡರೆ ವರ್ತಕನೊಡನೆ ನಾವೇ ಬಡಿದಾಡಬೇಕು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ. ಕೆಲವು ಛೇಂಬರುಗಳು ಇಂಥ ತಕರಾರು ತೀರಿಸುವ ಏರ್ಪಾಡು ಇಟ್ಟುಕೊಂಡಿವೆ. 1996ರ ಆರ್ಬಿಟ್ರೇಷನ್ ಕಾಯಿದೆಯಂತೆ ಅಲ್ಲಿನ ತೀರ್ಪನ್ನು ಕೋರ್ಟಿನ ಡಿಕ್ರಿಯ ಹಾಗೆಯೇ ಜಾರಿ ಮಾಡಿಸಬಹುದು. ಆದರೆ ಹಾಗೆಂದು ಇಬ್ಬರೂ ಬರಹದಲ್ಲಿ ಒಪ್ಪಿರಬೇಕು. ಗೇಟಿನ ಬಳಿ ಬಾಯಿಮಾತಿನಲ್ಲಿ ಮುಗಿದ ವ್ಯಾಪಾರಕ್ಕೆ ಇದು ಒದಗದು.

ಆದ್ದರಿಂದ ಲಾರಿಗೆ ಮೂಟೆ ಏರಿಸುವ ಮುಂಚೆ ಒಂದು ಚೀಟಿಯಾದರೂ ಆಗಲಿ. ಪಾರ್ಚ್‌ಮೆಂಟೋ ಚೆರಿಯೋ, ತೂಕ, ತೇವಾಂಶ, ಔಟ್‌ಟರ್ನ್ ನೋಡುವ ಕ್ರಮ, ಧಾರಣೆ, ಹಣ ಕೊಡುವ ದಿನ ಇಷ್ಟನ್ನು ಬರೆದು, ತಕರಾರು ಬಂದರೆ ಇಂಥ ಛೇಂಬರಿನ ಆರ್ಬಿಟ್ರೇಷನ್‌ಗೆ ಒಪ್ಪುತ್ತೇವೆ ಎಂಬ ಒಂದು ಸಾಲು ಸೇರಿಸಿ ಇಬ್ಬರೂ ರುಜು ಹಾಕಬೇಕು. ಶುಲ್ಕವನ್ನು ಮೊದಲೇ ವಿಚಾರಿಸಿಕೊಳ್ಳಿ. ನಾಲ್ಕು ಮೂಟೆಯ ತಕರಾರಿಗೆ ಆ ಖರ್ಚು ಗಿಟ್ಟಲಾರದು. ಒಬ್ಬೊಬ್ಬರೇ ಛೇಂಬರಿನ ಸದಸ್ಯರಾಗುವುದೂ ಸಣ್ಣ ಹಿಡುವಳಿದಾರರಿಗೆ ಭಾರ. ಆದರೆ ಸಂಘಗಳನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ಛೇಂಬರುಗಳೂ ಇವೆ. ಈ ವಿಷಯವನ್ನು ಕೊಯ್ಲಿಗೆ ಮುಂಚಿನ ಸಭೆಯಲ್ಲಿ ಎತ್ತಬಹುದು.