ಹಳೆಯ ಜೀನ್ಸ್: ಕಾಲನಿರ್ಣಯದ ಗುರುತುಗಳು

1880ರ ದಶಕದ ಲೀವೈಸ್ ಜೀನ್ಸ್ ಒಂದನ್ನು 2001ರಲ್ಲಿ ಅದರ ತಯಾರಕ ಸಂಸ್ಥೆಯೇ 46,532 ಡಾಲರ್ ತೆತ್ತು ಕೊಂಡುಕೊಂಡಿತು. ಇಂತಹ ವಹಿವಾಟಿನಲ್ಲಿ ಬೆಲೆಯನ್ನು ನಿರ್ಧರಿಸುವುದು ತಯಾರಿಕೆಯ ಕಾಲ.

ಹಿಂಜೇಬಿನ ಕೆಂಪು ಪಟ್ಟಿ 1936ರಲ್ಲಿ ಬಂದಿತು. ಅದರ ಮೇಲಿನ ಹೆಸರು 1971ರವರೆಗೆ ಪೂರ್ತಿ ದೊಡ್ಡ ಅಕ್ಷರಗಳಲ್ಲಿದ್ದು, ಅನಂತರ ‘ಇ’ ಚಿಕ್ಕದಾಯಿತು. ಸಂಗ್ರಾಹಕರ ‘ಬಿಗ್ ಇ’ ಇದೇ. 501 ಮಾದರಿಯ ಹಿಂಜೇಬಿನಲ್ಲಿ ಬಟ್ಟೆಯೊಳಗೆ ಮರೆಯಾಗಿರುವ ರಿವೆಟ್‌ಗಳು 1937ರಿಂದ 1966ರವರೆಗಿನವು. ಬಳಿಕ ಬಂದುದು ಬಾರ್‌ಟ್ಯಾಕ್ ಹೊಲಿಗೆ. ಕಾಲಿನ ತುದಿಯನ್ನು ಮಗುಚಿದರೆ ಕಾಣುವ ಕೆಂಪುನೂಲಿನ ಸೆಲ್ವೇಜ್ ಅಂಚು ಕಡಿಮೆ ಅಗಲದ ಮಗ್ಗದ ಕುರುಹು.

ತೊಡಕೆಂದರೆ, ಹಳೆಯ ಮಾದರಿಗಳನ್ನು ಸಂಸ್ಥೆಯೇ ಮರುತಯಾರಿಸಿ ಮಾರಿದೆ. ಅವುಗಳಲ್ಲೂ ‘ಬಿಗ್ ಇ’, ಸೆಲ್ವೇಜ್ ಎರಡೂ ಇರುತ್ತವೆ. ಒಂದೇ ವೋಚರನ್ನು ನೋಡಿ ಲೆಕ್ಕ ಒಪ್ಪುವುದು ಹೇಗೆ ಸಲ್ಲದೋ, ಒಂದೇ ಗುರುತನ್ನು ನಂಬುವುದೂ ಹಾಗೆಯೇ. ಎಲ್ಲವೂ ಪರಸ್ಪರ ತಾಳೆಯಾಗಬೇಕು. ‘ಬಿಗ್ ಇ’ ಇರುವ ಜೀನ್ಸಿನ ಒಳಗೆ ಒಗೆಯುವ ಸೂಚನೆಯ ಚೀಟಿಯನ್ನು ಹೊಲಿದಿದ್ದರೆ ಸಂಶಯ ಸಹಜ. ಅಮೆರಿಕದಲ್ಲಿ ಆ ಚೀಟಿ ಕಡ್ಡಾಯವಾದುದು 1972ರಲ್ಲಿ. ಚೀಟಿಯನ್ನು ಕಿತ್ತಿದ್ದರೂ ಸೂಜಿಯ ರಂಧ್ರಗಳು ಉಳಿದಿರಬಹುದು. ಮಾರುವವರು ಒಳಭಾಗವನ್ನು ತೋರಿಸಲು ಹಿಂಜರಿದರೆ, ಮರುತಯಾರಿಕೆಯ ಬೆಲೆಗಿಂತ ಹೆಚ್ಚು ಕೊಡಲಾಗದು.