ಸೋಮಾರಿತನವಲ್ಲ, ಕಾಯಿಲೆ

ಕರೆಂಟ್ ವೈರಿಗೆ ಮೇಲೆ ಹೊದಿಕೆ ಇರುತ್ತದೆ, ನಾವೆಲ್ಲ ನೋಡಿದ್ದೇವೆ. ನಮ್ಮ ನರಗಳಿಗೂ ಅಂಥ ಹೊದಿಕೆ ಇದೆ. ಮಿದುಳು, ಬೆನ್ನುಹುರಿಯಲ್ಲಿ ಅದು ಹಾಳಾಗುವ ಕಾಯಿಲೆಯೇ ಮಲ್ಟಿಪಲ್ ಸ್ಕ್ಲೆರೋಸಿಸ್. ಗಂಡಸರಿಗಿಂತ ನಮಗೆ, ಹೆಂಗಸರಿಗೇ ಹೆಚ್ಚು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಕಾಲು ಜೋಮು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ವಿಪರೀತ ಸುಸ್ತು. ‘ಸೋಮಾರಿ’ ಅಂತ ಬೈಯುವ ಅತ್ತೆಯರೂ ಇದ್ದಾರೆ!

ಮಲಗಿಯೇ ಇದ್ದರೆ ಕೈಕಾಲು ಇನ್ನೂ ಸೋಲುತ್ತವೆ. ದಿನಾ ಸ್ವಲ್ಪ ನಡೆಯಬೇಕು. ಆಗದಿದ್ದರೆ ಕೂತೇ ಕೈಕಾಲು ಆಡಿಸಬೇಕು. ಮೈ ಬಿಸಿಯಾದರೆ ತೊಂದರೆ ಏರುತ್ತದೆ, ತಣಿದರೆ ಇಳಿಯುತ್ತದೆ. ಅದಕ್ಕೇ ಬೆಳಗಿನ ತಂಪು ಹೊತ್ತು ಒಳ್ಳೆಯದು.

ಇದನ್ನು ವಾಸಿ ಮಾಡುವ ಟಾನಿಕ್ ಇಲ್ಲ. ಇದೆ ಅಂದವರಿಗೆ ದುಡ್ಡು ಕೊಡಬಾರದು. ಡಾಕ್ಟರು ಕೊಟ್ಟ ಔಷಧಿಯನ್ನಂತೂ ನಿಲ್ಲಿಸಬಾರದು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇದ್ದರೆ ಅದಕ್ಕೂ ಮಾತ್ರೆ ಬರೆದುಕೊಡುತ್ತಾರೆ. ಹೇಳಿದಷ್ಟೇ ನುಂಗಬೇಕು, ಅತಿಯಾದರೆ ಮೂತ್ರಪಿಂಡ ಕೆಡಬಹುದು.