ಮತ್ತೆ ಅದೇ ಹಾಡು

ನ್ಯೂಯಾರ್ಕಿನ ಐವರ ‘ದಿ ಸ್ಟ್ರೋಕ್ಸ್’ ಎಂಬ ವಾದ್ಯವೃಂದಕ್ಕೂ ಹನೂರು ತಾಲ್ಲೂಕಿನ ನಮ್ಮ ಹೂಗ್ಯಂಗೂ ಏನು ಸಂಬಂಧವೆಂದು ಸಹಪಾಠಿಗಳು ನಗಬಹುದು. ಸಂಬಂಧವೇನೂ ಇಲ್ಲ, ಹಾಸ್ಟೆಲಿನ ಗೆಳೆಯನೊಬ್ಬನ ಮೊಬೈಲಿನಲ್ಲಿ ಅವರ ಹಾಡುಗಳನ್ನು ಕೇಳಿದೆ, ಅಷ್ಟೆ. ಆದರೆ ಅವರ ಎರಡನೆಯ ಆಲ್ಬಮ್ಮನ್ನು ಜನ ಬರಮಾಡಿಕೊಂಡ ರೀತಿಯನ್ನು ತಿಳಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಇವರದು ‘ಗ್ಯಾರೇಜ್ ರಾಕ್’ ಎಂಬ ಬಗೆಯ ಸಂಗೀತ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯ ಕಾರು ಷೆಡ್ಡಿನಲ್ಲಿ ಗಿಟಾರು, ಡ್ರಮ್ಮುಗಳನ್ನಿಟ್ಟುಕೊಂಡು ಬಾರಿಸುತ್ತಿದ್ದ ಒರಟು ಹಾಡುಗಳಿಗೆ ಆಮೇಲೆ ಅಂಟಿದ ಹೆಸರಿದು. ನಯನಾಜೂಕು ಇಲ್ಲದಿರುವುದೇ ಇದರ ಲಕ್ಷಣ. 2001ರಲ್ಲಿ ಬಂದ ‘ಈಸ್ ದಿಸ್ ಇಟ್’ ಎಂಬ ಮೊದಲ ಆಲ್ಬಮ್ಮನ್ನು ವಿಮರ್ಶಕರು ಬಾಯ್ತುಂಬ ಹೊಗಳಿದರು. 2003ರ ಅಕ್ಟೋಬರಿನಲ್ಲಿ ‘ರೂಮ್ ಆನ್ ಫೈರ್’ ಬಂದಿತು. 11 ಹಾಡು, ಎಲ್ಲ ಸೇರಿ ಸುಮಾರು 33 ನಿಮಿಷ. ಮೊದಲು ನೈಜೆಲ್ ಗಾಡ್ರಿಚ್ ಎಂಬ ಹೆಸರಾಂತ ನಿರ್ಮಾಪಕರೊಡನೆ ಧ್ವನಿಮುದ್ರಣಕ್ಕೆ ಕೈಹಾಕಿ, ಅದು ಹೊಂದದೆ, ಹಳೆಯ ಗಾರ್ಡನ್ ರಫಾಯೆಲರ ಬಳಿಗೇ ಹಿಂತಿರುಗಿದ್ದರು. ದೂರುವವರಿಗೆ ಅಷ್ಟು ಸಾಕಾಯಿತು. ‘ಮತ್ತೆ ಅದೇ ಹಾಡು’ ಎಂದರು ಕೆಲವರು. ಬದಲಾಗದಿದ್ದುದೇ ಲೇಸು, ಕೈ ಪಳಗಿದೆ ಎಂದರು ಇನ್ನು ಕೆಲವರು. ಕೊಳ್ಳುವವರಂತೂ ಕೊಂಡರು: ಅಮೆರಿಕದ ಪಟ್ಟಿಯಲ್ಲಿ ಮೊದಲನೆಯದು 33ನೆಯ ಸ್ಥಾನದಲ್ಲಿ ನಿಂತಿದ್ದರೆ ಎರಡನೆಯದು 4ಕ್ಕೆ ಏರಿತು.

‘ಮತ್ತೆ ಅದೇ’ ಎಂಬುದು ಒಂದು ದೋಷವಾದದ್ದು ಹೇಗೆ? ನಮ್ಮ ತಾತ ದೇವರಗುಡ್ಡರು. ದೀಪಾವಳಿ ಬಂದರೂ ಶಿವರಾತ್ರಿ ಬಂದರೂ ಕಂಸಾಳೆ ಹಿಡಿದು ಸಂಕಮ್ಮನ ಸಾಲನ್ನೇ ಹಾಡುತ್ತಾರೆ. ಹೊಸ ಸಾಲು ಕಟ್ಟಿರೆಂದು ಅವರನ್ನು ಕೇಳಿದವರನ್ನು ನಾನು ಕಾಣೆ. ಎಲ್ಲಿಯಾದರೂ ಒಂದು ಮಾತು ಹಿಂದುಮುಂದಾದರೆ ಮಾತ್ರ ಕುಳಿತ ಮುದುಕಿಯರು ಸುಮ್ಮನಿರುವವರಲ್ಲ!

ಆದರೂ ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಮಾದಪ್ಪನ ಕಥೆ ಹಲವು ತಲೆಮಾರು ಕೂಡಿ ಕಟ್ಟಿದ್ದು. ಸ್ಟ್ರೋಕ್ಸ್‌ನವರ ಹಾಡುಗಳಾದರೋ ಬಹುಮಟ್ಟಿಗೆ ಜೂಲಿಯನ್ ಕಾಸಾಬ್ಲಾಂಕಸ್ ಒಬ್ಬರ ರಚನೆ. ತನ್ನದೆಂದು ಹೆಸರು ಹಾಕಿ ಮಾರುವವನನ್ನು ‘ಇದರಲ್ಲಿ ಹೊಸದೇನಪ್ಪ?’ ಎಂದು ಕೇಳುವ ಹಕ್ಕು ಹಣ ಕೊಟ್ಟವನಿಗೆ ಇದ್ದೇ ಇದೆ. ಅಲ್ಲದೆ, ಕಂಸಾಳೆ ಕಲಿಯದೆ ಬಿ.ಎ. ಓದಲು ಬಂದ ನಾನು ಹಳೆಯದೇ ಸಾಕೆಂದು ವಾದಿಸಿದರೆ ತಾತನೇ ನಕ್ಕಾರು.

ನನಗೆ ತೋರುವುದಿಷ್ಟು. ನಡುವಣ ಎರಡು ಮೂರು ಹಾಡುಗಳು ಒಂದರ ನೆರಳಿನಂತೆ ಇನ್ನೊಂದು ಇರುವುದು ನಿಜ. ಅಲ್ಲಿ ದೂರಿದವರ ಪಕ್ಷವೇ ನನ್ನದು. ಆದರೆ ‘12:51’ ಎಂಬ ಹಾಡಿನಲ್ಲಿ ಗಿಟಾರನ್ನೇ ಕೀಬೋರ್ಡಿನಂತೆ ನುಡಿಸಿದ್ದಾರೆ. ‘ಅಂಡರ್ ಕಂಟ್ರೋಲ್’ನಲ್ಲಿ ಮೊದಲಿನ ಅವಸರವೆಲ್ಲ ಇಳಿದು ಹಾಡು ನಿಧಾನವಾಗಿ ನಡೆಯುತ್ತದೆ. ಇವು ನನಗೂ ಮೊದಲ ಸಲಕ್ಕೆ ಕೇಳಿಸಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ ಕಿವಿಗೆ ಬಿದ್ದವು.

ಕಳೆದ ದೀಪಾವಳಿಯಲ್ಲಿ ತಾತನ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡೆ. ಎರಡು ವರ್ಷದ ಹಿಂದಿನದೂ ಅದರಲ್ಲಿತ್ತು. ಒಂದರ ಹಿಂದೊಂದು ಕೇಳಿದೆ. ನೀಲೇಗೌಡ ಭಾಷೆ ಕೊಡೆಂದು ಪೀಡಿಸಿದಾಗ ಸಂಕಮ್ಮ ಒಲ್ಲೆನೆನ್ನುವ ಕಡೆ ಆಗ ತಾಳ ನಿಲ್ಲಿಸದೆ ದಾಟಿಹೋಗಿದ್ದರು. ಈ ಸಲ ಅಲ್ಲಿ ಕಂಸಾಳೆ ನಿಂತಿದೆ, ಬರಿಯ ಮಾತಿದೆ. ಏಕೆ ತಾತ ಎಂದು ಕೇಳಿದರೆ, “ಯಾವಾಗ್ಲೂ ಹಂಗೇ ಕನ್ ಮಗ ಹಾಡದು” ಎಂದರು.